ಸತ್ಯಾಂಶ: 25 ದಾಟಿದವರಿಗೆ ಐಟಿಐ ಬಾಗಿಲು ಮುಚ್ಚಿದೆಯೇ?

‘25 ವರ್ಷ ದಾಟಿದವರಿಗೆ ಐಟಿಐ ಪ್ರವೇಶವಿಲ್ಲ’ ಎಂಬ ಸಂದೇಶ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು. ಐಟಿಐಗೆ ಕನಿಷ್ಠ ವಯಸ್ಸು 14. ಗರಿಷ್ಠ ಮಿತಿ ಇಲ್ಲ. ಮಹಾರಾಷ್ಟ್ರದಲ್ಲೂ ಇದೇ ನಿಯಮ.

ಗೊಂದಲ ಹುಟ್ಟುವುದು ರೈಲ್ವೆ ಅಪ್ರೆಂಟಿಸ್ ಪ್ರಕಟಣೆಗಳಿಂದ. ಅಲ್ಲಿ ಸಾಮಾನ್ಯವಾಗಿ 15ರಿಂದ 24 ವರ್ಷದ ಮಿತಿ ಇರುತ್ತದೆ. ಅದು ಐಟಿಐ ತರಬೇತಿ ಮುಗಿದ ನಂತರದ ಮಾತು, ಪ್ರವೇಶಕ್ಕೆ ಸಂಬಂಧಿಸಿದ್ದಲ್ಲ. ಹಾಗಾಗಿ 40ರ ಹೋಟೆಲ್ ಕೆಲಸಗಾರರೂ ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಅರ್ಜಿ ಹಾಕಬಹುದು. ಕನ್ನಡ ಮಾಧ್ಯಮದ ರಾತ್ರಿಶಾಲೆಯಿಂದ ಬರೆದ ಎಸ್ಸೆಸ್ಸಿ (ಹತ್ತನೇ ತರಗತಿ) ಅಂಕಪಟ್ಟಿಯೂ ನಡೆಯುತ್ತದೆ. ವಯಸ್ಸಿಗಿಂತ ಹೆಚ್ಚು ಕಾಡುವುದು ದಾಖಲೆ: ಶಾಲೆ ಬಿಟ್ಟ ಪ್ರಮಾಣಪತ್ರ ಕಳೆದಿರುತ್ತದೆ, ಆಧಾರ್‌ನಲ್ಲಿ ಹೆಸರಿನ ಅಕ್ಷರ ಬೇರೆ ಇರುತ್ತದೆ. ಇವನ್ನು ಅರ್ಜಿ ತುಂಬುವ ಮೊದಲೇ ಸರಿಪಡಿಸಿಕೊಳ್ಳಿ.

ಕೌಂಟರ್‌ನಲ್ಲಿ ‘ನಿಮಗೆ ವಯಸ್ಸಾಯಿತು’ ಎಂದರೆ ವಾದ ಬೇಡ. ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ, ಪ್ರಾಂಶುಪಾಲರಿಗೆ ಪತ್ರ ಕೊಟ್ಟು ನಕಲಿನ ಮೇಲೆ ದಿನಾಂಕ, ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ನಿಲ್ಲುವುದಿಲ್ಲ. ನಂತರ ಮಹಾರಾಷ್ಟ್ರ ಸರ್ಕಾರದ ‘ಆಪ್ಲೆ ಸರ್ಕಾರ್’ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಸರ್ಕಾರಿ ಐಟಿಐ ಆದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯೂ ಕೆಲಸ ಮಾಡುತ್ತದೆ. ಉತ್ತರಕ್ಕೆ 30 ದಿನ ಗಡುವು. ಅರ್ಜಿಯಲ್ಲಿ ‘ಯಾಕೆ ನಿರಾಕರಿಸಿದಿರಿ’ ಎನ್ನಬೇಡಿ, ‘ವಯೋಮಿತಿ ಹೇಳುವ ನಿಯಮದ ಪ್ರತಿ ಕೊಡಿ’ ಎಂದು ಬರೆಯಿರಿ. ಇಲ್ಲದ ನಿಯಮದ ಪ್ರತಿ ಕೊಡಲಾಗದು.

ತಾರತಮ್ಯವನ್ನು ನಿಷೇಧಿಸುವ ಸಂವಿಧಾನದ 15ನೇ ವಿಧಿಯ ಕಾರಣಗಳ ಪಟ್ಟಿಯಲ್ಲಿ ವಯಸ್ಸು ಇಲ್ಲ. ಆದ್ದರಿಂದ ದೂರಿನಲ್ಲಿ ತಾರತಮ್ಯಕ್ಕಿಂತ ಪ್ರವೇಶ ನಿಯಮದ ಉಲ್ಲಂಘನೆಯನ್ನೇ ಮುಂದಿಡಿ.