ಮೂವತ್ತಕ್ಕೆ ಮೂರು ಕೊಸರು

ಸಂತೆಯಲ್ಲಿ ಸೊಪ್ಪು ಕೊಂಡ ಮೇಲೆ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಮನೆಗೆ ಬರುವ ಜಾಯಮಾನ ನಮ್ಮದಲ್ಲ. ಕೇಂದ್ರಾಡಳಿತ ಪ್ರದೇಶವಾದ ಪುದುಚೇರಿಯ ವಿಧಾನಸಭೆಗೂ ಕೊಸರುಂಟು. ಆದರೆ ಅದು ಕೇಳದೆಯೇ ಬರುತ್ತದೆ, ದೆಹಲಿಯಿಂದ ಬರುತ್ತದೆ, ಸೊಪ್ಪಿಗಿಂತ ಹೆಚ್ಚು ತೂಗುತ್ತದೆ.

ಜನ ಆರಿಸುವುದು 30 ಮಂದಿಯನ್ನು. ಪುದುಚೇರಿಯಿಂದ 23, ಕಾರೈಕಾಲಿನಿಂದ 5, ಕೇರಳದ ಮಡಿಲಲ್ಲಿರುವ ಮಾಹೆ, ಆಂಧ್ರದ ಮಡಿಲಲ್ಲಿರುವ ಯಾನಂನಿಂದ ಒಬ್ಬೊಬ್ಬರು. ಇವರ ಮೇಲೆ, 1963ರ ಕೇಂದ್ರಾಡಳಿತ ಪ್ರದೇಶಗಳ ಕಾಯ್ದೆಯ 3(3)ನೇ ಸೆಕ್ಷನ್ ಹಿಡಿದು, ಕೇಂದ್ರ ಸರ್ಕಾರ ಮೂವರನ್ನು ನಾಮನಿರ್ದೇಶನ ಮಾಡಬಹುದು. ಸರ್ಕಾರಿ ನೌಕರರಾಗಿರಬಾರದು ಎಂಬುದನ್ನು ಬಿಟ್ಟರೆ ನಾಮ ಯಾರಿಗೆ ಎಂದು ಕಾಯ್ದೆಯಲ್ಲಿ ಬರೆದಿಲ್ಲ. ಈ ಮೂವರಿಗೆ ಕ್ಷೇತ್ರವಿಲ್ಲ, ಠೇವಣಿ ಕಳೆದುಕೊಳ್ಳುವ ಭಯವಿಲ್ಲ, ಚರಂಡಿ ಕಟ್ಟಿದೆ ಎಂದು ಬೆಳಗ್ಗೆ ಬಾಗಿಲು ಬಡಿಯುವವರಿಲ್ಲ. ಸದನದಲ್ಲಿ ಓಟು ಮಾತ್ರ ಉಂಟು.

2016ರ ಚುನಾವಣೆಯಲ್ಲಿ ಬಿಜೆಪಿಗೆ ಒಂದು ಸ್ಥಾನವೂ ಸಿಗಲಿಲ್ಲ. 2017ರ ಜುಲೈನಲ್ಲಿ ಮೂರು ಸಿಕ್ಕವು. ಚುನಾಯಿತ ಸರ್ಕಾರವನ್ನು ಒಂದು ಮಾತು ಕೇಳಿರಲಿಲ್ಲ. ಉಪರಾಜ್ಯಪಾಲರಾಗಿದ್ದ ಕಿರಣ್ ಬೇಡಿ ತಮ್ಮ ಅಧಿಕೃತ ಮನೆಯಾದ ರಾಜನಿವಾಸದಲ್ಲೇ ಪ್ರಮಾಣವಚನ ಮಾಡಿಸಿ ಮುಗಿಸಿದರು. ಕೇಳಬೇಕಿಲ್ಲ, ಈ ಮೂವರು ಓಟೂ ಹಾಕಬಹುದು ಎಂದು 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಹಾಗಾಗಿ ಇದರಲ್ಲಿ ಅಕ್ರಮ ಹುಡುಕಲು ಹೋಗಬೇಡಿ. ಸೊಗಸೇ ಅದು, ಎಲ್ಲವೂ ಸಕ್ರಮ.

ಕೊಸರಿನ ಲೆಕ್ಕ ನೋಡಬೇಕಾದರೆ 2021ರ ಫೆಬ್ರುವರಿ 22ಕ್ಕೆ ಬನ್ನಿ. ರಾಜೀನಾಮೆಗಳ ಸುಗ್ಗಿ ಮುಗಿದು ಸದನದಲ್ಲಿ ಉಳಿದವರು 26. ಕಾಂಗ್ರೆಸ್ಸಿನ ಮುಖ್ಯಮಂತ್ರಿ ನಾರಾಯಣಸ್ವಾಮಿ ಅವರ ಸರ್ಕಾರದ ಕಡೆ ಸ್ಪೀಕರ್ ಸೇರಿ 12, ಎದುರಿಗೆ 14. ಆ ಹದಿನಾಲ್ಕರಲ್ಲಿ ಮೂವರು ಕೊಸರಿನವರು. ಅವರನ್ನು ಪಕ್ಕಕ್ಕಿಟ್ಟರೆ 11. ಸ್ಪೀಕರ್ ಬಿಟ್ಟರೆ ಈ ಕಡೆಯೂ 11. ಸಮಸಮ ಬಂದರೆ ಸ್ಪೀಕರ್ ಓಟು ಹಾಕಬಹುದು, ಸರ್ಕಾರ ಬದುಕುತ್ತದೆ. ಪಕ್ಕಕ್ಕಿಡುವಂತಿಲ್ಲವಲ್ಲ! ಮುಖ್ಯಮಂತ್ರಿ ಮತಕ್ಕೆ ಹಾಕುವ ಮೊದಲೇ ಸಭಾತ್ಯಾಗ ಮಾಡಿ ರಾಜೀನಾಮೆ ಕೊಟ್ಟರು.

ಏಪ್ರಿಲ್ 6ಕ್ಕೆ ಚುನಾವಣೆ. ಪ್ರಾದೇಶಿಕ ಪಕ್ಷವಾದ ಎನ್.ಆರ್. ಕಾಂಗ್ರೆಸ್ಸಿನ ರಂಗಸಾಮಿ ಅವರದು ಪೂರ್ಣ ರಾಜ್ಯದ ಹಳೆಯ ಬೇಡಿಕೆ. ಜೊತೆಗಾರ, ಅದನ್ನು ಕೊಡಬೇಕಾದ ದೆಹಲಿಯ ಪಕ್ಷವೇ. ಫಲಿತಾಂಶ ಬಂದಾಗ ಅವರ ಪಕ್ಷಕ್ಕೆ 10, ಬಿಜೆಪಿಗೆ 6. ಮೇ 7ರಂದು ಪ್ರಮಾಣವಚನ. ಒಂದೆರಡು ದಿನದಲ್ಲೇ ಮುಖ್ಯಮಂತ್ರಿಗೆ ಕೋವಿಡ್, ಚೆನ್ನೈ ಆಸ್ಪತ್ರೆ. ಅವರು ಹಾಸಿಗೆಯಲ್ಲಿರುವಾಗಲೇ ಕೊಸರು ಬಂತು: ಮೂವರೂ ಬಿಜೆಪಿಯವರು. ಆರು ಒಂಬತ್ತಾಯಿತು. ರೋಗಿಯನ್ನು ನೋಡಲು ಹೋಗುವವರು ಹಣ್ಣು ಒಯ್ಯುತ್ತಾರೆ ಎಂದು ಕೇಳಿದ್ದೆವು.

ಈ ಪ್ರದೇಶ ರಾಜ್ಯವೋ ಅಲ್ಲವೋ ಎಂದು ಕೇಳಿದರೆ ಉತ್ತರ ಕೌಂಟರಿನ ಮೇಲೆ ನಿಂತಿದೆ. ಜಿಎಸ್‌ಟಿ ಕೌಂಟರಿನಲ್ಲಿ ರಾಜ್ಯ. ಹಣಕಾಸು ಆಯೋಗದ ಕೌಂಟರಿನಲ್ಲಿ ಅಲ್ಲ, ಕೇಂದ್ರದ ತೆರಿಗೆಯಲ್ಲಿ ಪಾಲು ಕೇಳಬೇಡಿ. ಬಜೆಟ್ಟನ್ನು ಸದನದಲ್ಲಿ ಓದುವ ಮೊದಲು ಕಡತ ದೆಹಲಿಗೆ ಹೋಗಿ ಬರಬೇಕು. ಬರುವುದು ತಡವಾದರೆ ಮಾರ್ಚಿನಲ್ಲಿ ಲೇಖಾನುದಾನ, ಅಂದರೆ ಕೆಲವು ತಿಂಗಳ ಖರ್ಚಿಗೆ ಸದನದ ಒಪ್ಪಿಗೆ, ಪಡೆದು ಸಂಬಳ ಕೊಟ್ಟುಕೊಂಡಿರಬೇಕು. ಸಚಿವ ಸಂಪುಟಕ್ಕೂ ಉಪರಾಜ್ಯಪಾಲರಿಗೂ ಹೊಂದದಿದ್ದರೆ ಆ ಕಡತವೂ ದೆಹಲಿಗೆ. 2019ರಲ್ಲಿ ಆಗಿನ ಮುಖ್ಯಮಂತ್ರಿ ನಾರಾಯಣಸ್ವಾಮಿಯವರೇ ಕಪ್ಪು ಅಂಗಿ ತೊಟ್ಟು ರಾಜನಿವಾಸದ ಮುಂದಿನ ರಸ್ತೆಯಲ್ಲಿ ಮಲಗಿ ಧರಣಿ ಮಾಡಿದರು. ಕಡತಕ್ಕಿಂತ ಅದು ಬೇಗ ತಲುಪುತ್ತದೆ ಅಂದುಕೊಂಡಿರಬೇಕು.

ಪೂರ್ಣ ರಾಜ್ಯ ಬೇಕೆಂದು ಸದನ ಹತ್ತಾರು ಸಲ ನಿರ್ಣಯ ಮಾಡಿದೆ. 2023ರ ಮಾರ್ಚ್ 31ರದ್ದು ಸರ್ವಾನುಮತದ್ದು. ರಾಜ್ಯವಾದರೆ 3(3) ಇರುವುದಿಲ್ಲ, ಕೊಸರೂ ಇರುವುದಿಲ್ಲ. ದೆಹಲಿ ಒಪ್ಪಲಿಲ್ಲ, ಕೊಸರು ಉಳಿಯಿತು. 2024ರ ಆಗಸ್ಟಿನಲ್ಲಿ ಅದೇ ನಿರ್ಣಯ ಮತ್ತೊಮ್ಮೆ ಪಾಸಾಯಿತು.