ಫಲಾವಳಿಗೆ ಪ್ಲಾಸ್ಟಿಕ್ ಸೇಬು, ರೋಗಿಗೆ ನಿಜವಾದ ಸೇಬು

ಕಾಲು ಮುರಿದುಕೊಂಡು ಕಾರವಾರದ ಆಸ್ಪತ್ರೆಯಲ್ಲಿ ಮಲಗಿದ್ದ ಸೋದರಮಾವನನ್ನು ನೋಡಲು ಹೋಗಿದ್ದೆ. ಮಂಚದ ಪಕ್ಕದಲ್ಲಿ ಆಗಲೇ ನಾಲ್ಕು ಚೀಲ ಸೇಬು. ಐದನೆಯದು ನನ್ನ ಕೈಯಲ್ಲಿತ್ತು.

ಸೇಬಿನ ಮೇಲೆ ನನಗೆ ಸಿಟ್ಟಿಲ್ಲ. ಕಾಶ್ಮೀರ, ಹಿಮಾಚಲದವರಿಗೆ ಅದು ಶರತ್ಕಾಲದ ಹಣ್ಣೇ. ಅವರು ಮರದಿಂದ ಕಿತ್ತು ಕಚ್ಚಲಿ. ನಮ್ಮ ಸಿಟ್ಟು ನಮ್ಮ ಮೇಲೆಯೇ ಇರಬೇಕು. ನೂರು ಗ್ರಾಂ ಸೇಬಿನಲ್ಲಿ ಸಿ ಜೀವಸತ್ವ ಇರುವುದು 5 ಮಿಲಿಗ್ರಾಂ ಆಸುಪಾಸು. ಅಷ್ಟೇ ತೂಕದ ಪೇರಳೆಯಲ್ಲಿ ಸುಮಾರು 200. ಆ ಪೇರಳೆ ಈಗ ನಮ್ಮ ಹಿತ್ತಿಲಿನಲ್ಲಿ ಉದುರಿ ಕೊಳೆಯುತ್ತಿದೆ. (ಬಾವಲಿ ಕಚ್ಚಿದ್ದನ್ನು ಮಾತ್ರ ಮುಟ್ಟಬೇಡಿ.) ಆದರೂ ರೋಗಿಗೆ ಪೇರಳೆ ಒಯ್ದವನನ್ನು ನೆಂಟರು ಜಿಪುಣ ಎನ್ನುತ್ತಾರೆ.

ಶಿರಸಿ ಕಡೆಯ ನಮ್ಮ ಮನೆಯಲ್ಲಿ ಚೌತಿಗೆ ಗಣಪತಿಯ ನೆತ್ತಿಯ ಮೇಲೆ ಫಲಾವಳಿ ಕಟ್ಟುತ್ತೇವೆ. ಮೊಗೆಕಾಯಿ, ಹೀರೆ, ಪಡುವಲ, ಹಾಗಲ, ಅಂಬಟೆ, ಕಂಚಿ, ಚಕ್ಕೋತ, ಅಡಿಕೆ ಗೊನೆ. ಅಂಗಡಿಯಿಂದ ತಂದದ್ದನ್ನು ಅಜ್ಜಿ ಕಟ್ಟಲು ಬಿಡುತ್ತಿರಲಿಲ್ಲ. ಚಿಕ್ಕವನಿದ್ದಾಗ ನನಗದು ಬರೀ ಅಲಂಕಾರ. ಈಗ ನೋಡಿದರೆ ಮುಂದಿನ ಎರಡು ತಿಂಗಳ ಅಡುಗೆಯ ಪಟ್ಟಿಯನ್ನೇ ಅಲ್ಲಿ ತೂಗುಹಾಕಿದಂತಿತ್ತು. ಗಣಪತಿ ನೀರಿಗಿಳಿದ ಮರುದಿನದಿಂದ ಅದೇ ಪಲ್ಯ, ಅದೇ ಹುಳಿ. ಈ ಸಲ ಪರಿಚಿತರೊಬ್ಬರ ಮನೆಯ ಫಲಾವಳಿಯಲ್ಲಿ ಪ್ಲಾಸ್ಟಿಕ್ ಸೇಬು, ಪ್ಲಾಸ್ಟಿಕ್ ದ್ರಾಕ್ಷಿ ಕಂಡೆ. ಧೂಳು ಒರೆಸಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದಂತೆ.

ಕಾಲಕ್ಕೆ ತಕ್ಕ ತರಕಾರಿಯಲ್ಲಿ ಮಾಯಾಶಕ್ತಿ ಇದೆಯೆಂದು ನಾನು ಹೇಳುವುದಿಲ್ಲ. ಹಾಗಲಕಾಯಿ ರಸ ಕುಡಿದು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟವರನ್ನು ಕಂಡರೆ ಭಯವಾಗುತ್ತದೆ. ಲಾಭ ಸರಳವಾದದ್ದು: ಕಿತ್ತದ್ದು ಬೇಗ ತಟ್ಟೆಗೆ ಬರುತ್ತದೆ, ಮತ್ತು ವರ್ಷವಿಡೀ ಆಲೂಗಡ್ಡೆ, ಟೊಮೆಟೊಗಳಲ್ಲೇ ಸುತ್ತುವ ನಾಲಿಗೆಗೆ ಹತ್ತು ಬಗೆ ಸಿಗುತ್ತದೆ. ಕಾರವಾರದ ಭಾನುವಾರದ ಸಂತೆಯಲ್ಲಿ ಹಾಲಕ್ಕಿ ಒಕ್ಕಲು ಸಮುದಾಯದ ಹೆಂಗಸರ ಮುಂದಿನ ಕೆಂಪು ಹರಿವೆಯನ್ನೇ ನೋಡಿ. ಸಂಜೆಯೊಳಗೆ ಬಾಡುತ್ತದೆ, ದೂರದಿಂದ ಬಂದದ್ದಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ, ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ದಕ್ಕುತ್ತದೆ. ಹಾಗಾಗಿ ಲಿಂಬೆ ಹಿಂಡಿ, ಆದರೆ ಒಲೆಯಿಂದ ಇಳಿಸಿದ ಮೇಲೆ. ಆ ಜೀವಸತ್ವ ಬಿಸಿಗೆ ತಾಳುವುದಿಲ್ಲ. ಹರಿವೆಯ ಕೆಂಪು ಬಳಿದ ಅನ್ನವನ್ನು ಮಕ್ಕಳು ತಕರಾರಿಲ್ಲದೆ ಉಣ್ಣುತ್ತಾರೆ, ಇದು ನನ್ನ ಮನೆಯ ಅನುಭವ.

ಕೆಸುವಿನ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಬರಹವೇ ಆದೀತು.

ಮರುದಿನ ಮಾವನಿಗೆ ಚಕ್ಕೋತ ಒಯ್ದೆ. ಕೆಲವು ಮಾತ್ರೆಗಳಿಗೂ ಚಕ್ಕೋತಕ್ಕೂ ಆಗಿಬರುವುದಿಲ್ಲ, ಆದ್ದರಿಂದ ವೈದ್ಯರನ್ನು ಕೇಳಿಯೇ ಒಯ್ದದ್ದು. ಸಿಪ್ಪೆ ಸುಲಿಯುವಾಗ ಪಕ್ಕದ ಮಂಚದವರೂ ತಿರುಗಿ ನೋಡಿದರು. ಮಾವ ಒಂದು ತೊಳೆ ಬಾಯಿಗೆ ಹಾಕಿಕೊಂಡು, ದಾದಿ ಹತ್ತಿರವಿಲ್ಲವೆಂದು ಖಚಿತಪಡಿಸಿಕೊಂಡು, ಮೆಲ್ಲಗೆ ಕೇಳಿದರು: “ಉಪ್ಪು, ಮೆಣಸಿನ ಪುಡಿ ತಂದಿದ್ದೀಯೇನೋ?”