ಡಿಕ್ ಡೇಲ್‌ನ ಮೊದಲ ಆಲ್ಬಂ: ರಿವರ್ಬ್ ಇಲ್ಲದ ಸರ್ಫ್ ರಾಕ್

ಕಡಲಲೆಗಳ ಮೇಲೆ ಹಲಗೆಯೇರಿ ಜಾರುವ ಸರ್ಫರ್‌ಗಳ ಗಿಟಾರ್ ಸಂಗೀತ ಸರ್ಫ್ ರಾಕ್. ಅದರ ಹೆಸರೆತ್ತಿದೊಡನೆ ಎಲ್ಲರ ಬಾಯಲ್ಲೂ ರಿವರ್ಬ್‌ನದೇ, ಅಂದರೆ ಸದ್ದಿಗೆ ಪ್ರತಿಧ್ವನಿಯ ಗುಂಗು ಸೇರಿಸುವ ತಂತ್ರದ್ದೇ ಮಾತು. ಗಿಟಾರಿನ ಸದ್ದು ಒದ್ದೆಯಾಗಿರಬೇಕು, ಇಲ್ಲದಿದ್ದರೆ ಅದು ಸರ್ಫ್ ಅಲ್ಲ ಎಂಬ ಹಟ. ಹೀಗೆ ವಾದಿಸುವವರು ಗಿಟಾರ್ ವಾದಕ ಡಿಕ್ ಡೇಲ್ ಮತ್ತು ಅವನ ಡೆಲ್‌ಟೋನ್ಸ್ ತಂಡದ ‘ಸರ್ಫರ್ಸ್ ಚಾಯ್ಸ್’ ಅನ್ನು ಕಿವಿಗೊಟ್ಟು ಕೇಳಿಲ್ಲ ಎಂದೇ ನನ್ನ ಗುಮಾನಿ. 1962ರ ಈ ಆಲ್ಬಂನಲ್ಲಿ ಆ ಒದ್ದೆ ಸದ್ದು ಹುಡುಕಿದರೂ ಸಿಗುವುದಿಲ್ಲ. ಒಣ ಕಟ್ಟಿಗೆ ಸೀಳಿದ ಹಾಗೆ ಕೇಳುತ್ತದೆ ಗಿಟಾರ್.

ಹಾಗಾದರೆ ಅಲೆ ಎಲ್ಲಿದೆ? ಕೈಯಲ್ಲಿದೆ. ಡೇಲ್ ಎಡಗೈಯವನು. ಬಲಗೈಯವರ ಗಿಟಾರನ್ನು ತಂತಿ ಬದಲಿಸದೆ ತಿರುಗಿಸಿ ಹಿಡಿಯುತ್ತಿದ್ದುದರಿಂದ ದಪ್ಪ ತಂತಿಗಳು ಕೆಳಗೆ ಬಂದವು. ಅವನು ಹಾಕುತ್ತಿದ್ದ ತಂತಿಗಳೋ ಮಾಮೂಲಿಗಿಂತ ಬಹಳ ದಪ್ಪ. ಅವುಗಳ ಮೇಲೆ ಮೇಲೆ-ಕೆಳಗೆ, ಮೇಲೆ-ಕೆಳಗೆ ಎಂದು ಬಿಡುವಿಲ್ಲದೆ ಬಡಿಯುವ ಆ ಪರಿಯಲ್ಲಿ ಗಿಟಾರಿಗಿಂತ ಚರ್ಮವಾದ್ಯವೇ ಹೆಚ್ಚು. ಅಪ್ಪನ ಕಡೆಯವರು ಲೆಬನಾನಿನ ಮೂಲದವರು. ಔದ್ ಎಂಬ ಅರಬ್ ತಂತಿವಾದ್ಯ ನುಡಿಸುತ್ತಿದ್ದ ಚಿಕ್ಕಪ್ಪನಿಂದ ದರ್ಬುಕಾ ಎಂಬ ಚರ್ಮವಾದ್ಯ ಕಲಿತ ಹುಡುಗ ಇವನು. ಪೂರ್ವ ಮೆಡಿಟರೇನಿಯನ್ನಿನ ಹಳೆಯ ಧಾಟಿ ‘ಮಿಸಿರ್ಲೂ’ವನ್ನು ಒಂದೇ ದಪ್ಪ ತಂತಿಯ ಮೇಲೆ ಓಡಿಸಿದ್ದು ಅಲ್ಲಿಂದಲೇ ಬಂದದ್ದು. ಈ ಆಲ್ಬಂನಲ್ಲಿ ಅದು ‘ಮಿಸಿರ್ಲೂ ಟ್ವಿಸ್ಟ್’ ಆಗಿ ಕೂತಿದೆ.

ಧ್ವನಿಮುದ್ರಣದ ಬಹುಪಾಲು ನಡೆದದ್ದು ಕ್ಯಾಲಿಫೋರ್ನಿಯಾದ ಬಾಲ್ಬೋವಾದಲ್ಲಿದ್ದ ರಾಂದೇವೂ ಬಾಲ್‌ರೂಂನಲ್ಲಿ, ಜನ ಕುಣಿಯುತ್ತಿರುವಾಗಲೇ. ದೊಡ್ಡ ಬ್ಯಾಂಡ್‌ಗಳ ಕಾಲದ, 1928ರ ನೃತ್ಯಮಂದಿರ ಅದು. ರಾಕ್ ಎಂದರೆ ಪುಂಡಾಟ ಎಂದು ಹೆದರಿದ್ದ ಊರಿನ ಅಧಿಕಾರಿಗಳು ಹುಡುಗರೆಲ್ಲ ಟೈ ಕಟ್ಟಿರಬೇಕೆಂದು ಷರತ್ತು ಹಾಕಿದ್ದರಂತೆ. ಬಾಗಿಲಲ್ಲೇ ಟೈ ಹಂಚಲಾಯಿತು. ಬರಿಗಾಲು, ಕೊರಳಲ್ಲಿ ಟೈ! ಸಾವಿರಾರು ಮೈಗಳು ಸದ್ದನ್ನು ಹೀರಿಕೊಳ್ಳುವ ಆ ಸಭಾಂಗಣದಲ್ಲಿ ಡೇಲ್ ಆಂಪ್ಲಿಫೈಯರ್‌ಗಳನ್ನು ಒಂದರ ಮೇಲೊಂದು ಸುಟ್ಟು ಹಾಕಿದ. ಗಿಟಾರ್, ಆಂಪ್ಲಿಫೈಯರ್ ತಯಾರಕ ಲಿಯೋ ಫೆಂಡರ್ ಕೊನೆಗೆ 15 ಇಂಚಿನ ಜೆಬಿಎಲ್ ಸ್ಪೀಕರ್ ಇಟ್ಟು ‘ಶೋಮನ್’ ಎಂಬ ಹೊಸ ಆಂಪ್ಲಿಫೈಯರ್ ರೂಪಿಸಬೇಕಾಯಿತು. ಇಂದು ಜೋರು ಗಿಟಾರ್ ಕೇಳುವವರೆಲ್ಲ ಆ ಹಟಕ್ಕೆ ಒಂದಿಷ್ಟು ಋಣಿಗಳು.

ಆಲ್ಬಂ ಹೊರತಂದದ್ದು ಅಪ್ಪ ಜಿಮ್ ಮನ್ಸೂರ್ ನಡೆಸುತ್ತಿದ್ದ ಡೆಲ್‌ಟೋನ್ ಕಂಪನಿ. ಸ್ಥಳೀಯವಾಗಿ ಬಿಸಿಬಿಸಿಯಾಗಿ ಮಾರಾಟವಾದ ಮೇಲೆ ದೊಡ್ಡ ರೆಕಾರ್ಡ್ ಕಂಪನಿ ಕ್ಯಾಪಿಟಲ್ ಅದನ್ನು ಎತ್ತಿಕೊಂಡು ದೇಶಕ್ಕೆಲ್ಲ ಹಂಚಿತು. 1963ರಲ್ಲಿ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯ 59ನೆಯ ಸ್ಥಾನದವರೆಗೂ ಏರಿತು.

ಇಡೀ ಆಲ್ಬಂ ಅಪ್ಪಟ ಚಿನ್ನ ಎಂದು ನಾನು ಹೇಳುವುದಿಲ್ಲ. ‘ಸ್ಲೂಪ್ ಜಾನ್ ಬಿ’, ‘ಫ್ಯಾನಿ ಮೇ’ಗಳಲ್ಲಿ ಡೇಲ್ ಹಾಡುತ್ತಾನೆ, ಚೆನ್ನಾಗಿಯೇ ಹಾಡುತ್ತಾನೆ, ಆದರೆ ಹಾಗೆ ಹಾಡುವವರು ಆಗ ಬೇಕಾದಷ್ಟಿದ್ದರು. ಗಿಟಾರಿಗಿಂತ ಹಾಡಿಗೇ ಒತ್ತು ಕೊಡಬೇಕೆಂಬ ತಪ್ಪು ಪಾಠವನ್ನೇ ಕ್ಯಾಪಿಟಲ್ ಕಲಿತದ್ದು. 1963ರ ‘ಕಿಂಗ್ ಆಫ್ ದ ಸರ್ಫ್ ಗಿಟಾರ್’ನ ಶೀರ್ಷಿಕೆ ಹಾಡಿನಲ್ಲಿ ಬ್ಲಾಸಮ್ಸ್ ಗಾಯಕಿಯರು ಅವನನ್ನು ರಾಜನೆಂದು ಹೊಗಳುತ್ತಾರೆ. ರಾಜನ ಕೈಗೆ ಗಿಟಾರ್ ಕೊಟ್ಟು ಸುಮ್ಮನಿದ್ದಿದ್ದರೆ ಹೊಗಳಿಕೆ ತಾನಾಗಿ ಬರುತ್ತಿತ್ತು. ಮರುವರ್ಷ ಬೀಟಲ್ಸ್ ಅಮೆರಿಕಕ್ಕೆ ಬಂದಿಳಿದರು, ಸರ್ಫ್ ಸಂಗೀತದ ಭರಾಟೆ ಇಳಿಯಿತು.

1994ರ ‘ಪಲ್ಪ್ ಫಿಕ್ಷನ್’ ಚಿತ್ರದಿಂದ ‘ಮಿಸಿರ್ಲೂ’ ಪರಿಚಯವಾದವರು ಈ ಆಲ್ಬಂನ ‘ಸರ್ಫ್ ಬೀಟ್’ ಮತ್ತು ‘ಲೆಟ್ಸ್ ಗೋ ಟ್ರಿಪ್ಪಿನ್’ ಕೇಳಿ. ಹಾಡಿನ ಟ್ರ್ಯಾಕ್‌ಗಳನ್ನು ದಾಟಿಸಿದರೆ ನನ್ನದೇನೂ ಅಭ್ಯಂತರವಿಲ್ಲ. ಆಮೇಲೂ ರಿವರ್ಬ್ ಬೇಕೆನಿಸಿದರೆ ಕಮೆಂಟಿನಲ್ಲಿ ಜಗಳಕ್ಕೆ ಬನ್ನಿ.